ಇಂದಿನಿಂದ ಜಾರಿ

ಜನವರಿ 9

ಅತ್ತೆಗೆ ನಮಸ್ಕಾರ.

ಸ್ವೆಟರ್ ಹೆಣೆಯಲು ಪುಟ್ಟಿಯ ಅಳತೆ ಕಳಿಸಿ ಎಂದರೆ ಅವಳ ಅಂಗಿಯನ್ನೇ ಕವರಿನಲ್ಲಿ ತುರುಕಿ ಕಳಿಸಿದ್ದೀರಿ. ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆದು ನಿವೃತ್ತರಾದವರು ನೀವು. ಆ ಅಂಗಿಯನ್ನು ಒಗೆಯದೆ ಕಳಿಸಿದ್ದು ಮರೆತು ಅಲ್ಲ ಎಂದು ನನಗೆ ಗೊತ್ತು. ದಿಂಬಿನ ಚೀಲದೊಳಗೆ ಇಟ್ಟುಕೊಂಡಿದ್ದೇನೆ.

ಫೋನಿನಲ್ಲಿ ಮಾತಾಡುವುದು ನನ್ನಿಂದಾಗುವುದಿಲ್ಲ. ಸೇನೆಯ ಶಿಬಿರದಲ್ಲಿ ಭಾನುವಾರ ಒಬ್ಬೊಬ್ಬರಿಗೆ ಹತ್ತು ನಿಮಿಷ, ಬೆನ್ನ ಹಿಂದೆ ಇಪ್ಪತ್ತು ಜನರ ಸಾಲು. 'ಬೇಗ ಮುಗ್ಸಮ್ಮ ಡ್ರೈವರಮ್ಮ' ಎಂದು ಯಾರಾದರೂ ಕೂಗುವಾಗ ಮಗಳ ಹಲ್ಲಿನ ವಿಷಯ ಹೇಗೆ ಕೇಳಲಿ? ಅದಕ್ಕೇ ಪತ್ರ.

ಹೆರಿಗೆ ರಜೆ ಮುಗಿಸಿ ಬಂದು ಮೂರು ತಿಂಗಳಾಯಿತು. ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವ ಗಾಡಿ ಮತ್ತೆ ನನ್ನ ಕೈಗೆ ಬಂದಿದೆ. ಕೆಸರಿನಲ್ಲಿ ಅಚ್ಚಿನ ತನಕ ಹೂತಿದ್ದ ಲಾರಿಯೊಂದನ್ನು ಮೊನ್ನೆ ಒಬ್ಬಳೇ ರಸ್ತೆಗೆ ಹತ್ತಿಸಿದೆ. ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಅಂಕವೆಲ್ಲ ಹೊಸ ದೈಹಿಕ ಪರೀಕ್ಷೆಗೆ. ಹಳೆಯ ಪರೀಕ್ಷೆಯಲ್ಲಿ ದಂಡ ಹೊಡೆಯುವುದು, ಮಲಗಿ ಏಳುವುದು, ಓಡುವುದು, ಇಷ್ಟೇ ಇತ್ತು. ವಯಸ್ಸು ನೋಡಿ, ಗಂಡೋ ಹೆಣ್ಣೋ ನೋಡಿ ಅಂಕ ಹಾಕುತ್ತಿದ್ದರು. ಈಗ ನೆಲದಿಂದ ಭಾರ ಎತ್ತಬೇಕು, ಮರಳು ಚೀಲ ಹೇರಿದ ಹಲಗೆಯನ್ನು ಎಳೆಯಬೇಕು, ಎರಡು ಕೈಯಲ್ಲಿ ನೀರಿನ ಕ್ಯಾನು ಹಿಡಿದು ಓಡಬೇಕು. ಕೊನೆಗೆ ಕಂಬಿಗೆ ಜೋತುಬಿದ್ದು ಮೊಣಕಾಲನ್ನು ಮೊಣಕೈಗೆ ಮುಟ್ಟಿಸಬೇಕು. ಕನಿಷ್ಠ ಒಂದು ಸಲ.

ನನ್ನಿಂದ ಒಂದೂ ಆಗಲಿಲ್ಲ. ಹೆತ್ತ ಹೊಟ್ಟೆ ಅತ್ತೆ, ಎಳೆದರೆ ಒಳಗೆ ಏನೂ ಇಲ್ಲವೇನೋ ಅನ್ನಿಸುತ್ತದೆ. ಒಣಗಲು ಹಾಕಿದ ಪ್ಯಾಂಟಿನ ಹಾಗೆ ನೇತಾಡಿದೆ. ಪಿ.ಟಿ. ಮೇಷ್ಟ್ರು ಒಳ್ಳೆಯವರು, ಬೇರೆ ಕಡೆ ನೋಡಿದರು.

ನಿಮ್ಮ ಮಗ ಹೇಗಿದ್ದಾರೆ? ಅವರಿಂದ ಪತ್ರವೇ ಇಲ್ಲ.

ನಿಮ್ಮ ಸೊಸೆ


ಜನವರಿ 24

ಸೊಸೆಗೆ ಆಶೀರ್ವಾದ.

ಪುಟ್ಟಿಗೆ ನಾಲ್ಕನೆಯ ಹಲ್ಲು ಬಂದಿದೆ. ಅದರ ಹರಿತ ನನ್ನ ಕಿರುಬೆರಳಿಗೆ ಗೊತ್ತು.

ಭಾರ ಎತ್ತುವ ವಿಷಯ ನನ್ನನ್ನು ಕೇಳು. ನಿನ್ನ ಮೇಷ್ಟ್ರಿಗಿಂತ ಹೆಚ್ಚು ಎತ್ತಿದ್ದೇನೆ. ಒದ್ದೆ ಹೊದಿಕೆಯ ಗಂಟನ್ನು ಸೊಂಟದಿಂದ ಎತ್ತಬಾರದು, ತೊಡೆಯಿಂದ ಎತ್ತಬೇಕು. ಮೈಗೆ ಅಂಟಿಸಿಕೊಂಡು ಏಳಬೇಕು, ದೂರದ ನೆಂಟರನ್ನು ತಬ್ಬಿಕೊಂಡ ಹಾಗೆ ಅಂತರ ಇಟ್ಟರೆ ಬೆನ್ನು ಹೋಗುತ್ತದೆ. ನಮ್ಮಲ್ಲಿ ಇಬ್ಬರಿಗೆ ಹಾಗೇ ಹೋಯಿತು.

ಅವನ ವಿಷಯ ಕೇಳಿದ್ದೀಯ. ಚೆನ್ನಾಗಿದ್ದಾನೆ ಎಂದು ಬರೆದರೆ ಸುಳ್ಳಾಗುತ್ತದೆ. ಬೇಕರಿಯ ವ್ಯಾನು ಓಡಿಸುತ್ತಾನೆ, ಮನೆಗೆ ಬರುತ್ತಾನೆ, ಮಗಳನ್ನು ಆಡಿಸುತ್ತಾನೆ. ನನ್ನ ಜೊತೆ ಆಡುವ ಮಾತು ದಿನಕ್ಕೆ ಹತ್ತು ದಾಟುವುದಿಲ್ಲ. ನಿನ್ನ ಪತ್ರವನ್ನು ನಾನು ಗಟ್ಟಿಯಾಗಿ ಓದಲು ಶುರು ಮಾಡಿದರೆ ಎದ್ದು ಪಕ್ಕದ ಕೋಣೆಗೆ ಹೋಗುತ್ತಾನೆ. ಆದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಅದಕ್ಕೇ ನಾನು ಇನ್ನೂ ಗಟ್ಟಿಯಾಗಿ ಓದುತ್ತೇನೆ.

ನಿನ್ನ ಅತ್ತೆ


ಮಾರ್ಚ್ 6

ಅತ್ತೆ,

ಸೋಮವಾರ ಕಂಬಿಯ ಮೇಲೆ ಮೊಣಕಾಲು ಮುಟ್ಟಿಸಿದೆ! ಒಂದಲ್ಲ, ಎರಡು. ಎಂಟು ವಾರ, ದಿನಾ ಬೆಳಗ್ಗೆ ಗ್ಯಾರೇಜಿನ ತೊಲೆಗೆ ಜೋತುಬಿದ್ದೆ. ಅಂಗೈ ಸುಲಿದು ಸ್ಟೀರಿಂಗ್ ಹಿಡಿಯಲಾಗದೆ ಬಟ್ಟೆ ಸುತ್ತಿಕೊಂಡು ಗಾಡಿ ಓಡಿಸಿದೆ. ಮೇಷ್ಟ್ರು ಸೀಟಿ ಊದಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು.

ಗುರುವಾರ ಸುತ್ತೋಲೆ ಬಂತು. ಕಂಬಿಯ ಪರೀಕ್ಷೆ ರದ್ದು. ಅದರ ಬದಲು ಮೊಣಕೈ ಊರಿ ಹಲಗೆಯ ಹಾಗೆ ಮೈ ಚಾಚಿ ಎರಡು ನಿಮಿಷ ಅಲುಗಾಡದೆ ಇರಬೇಕು. ಇಂದಿನಿಂದ ಜಾರಿ. ಕಾರಣ ಬರೆದಿಲ್ಲ. ಅಷ್ಟೇ ಅಲ್ಲ, ಗಾಡಿ ಓಡಿಸುವವರನ್ನು ಮಧ್ಯಮ ಕೆಲಸದ ಪಟ್ಟಿಯಿಂದ ತೆಗೆದು ಭಾರಿ ಕೆಲಸದ ಪಟ್ಟಿಗೆ ಹಾಕಿದ್ದಾರೆ. ಎತ್ತಬೇಕಾದ ಭಾರ ಅರವತ್ತರಿಂದ ಎಂಬತ್ತು ಕಿಲೋ ಆಗಿದೆ.

'ಇದನ್ನ ಯಾರು ಕೂತ್ಕೊಂಡು ಬರೀತಾರೆ ಸಾರ್?' ಎಂದು ಮೇಷ್ಟ್ರನ್ನು ಕೇಳಿದೆ.

'ಕೂತ್ಕೊಂಡೇ ಬರೀತಾರಮ್ಮ, ಅದೇ ತೊಂದ್ರೆ' ಎಂದರು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಕೆಲಸ ಕಷ್ಟ ಎಂದಲ್ಲ. ಕಷ್ಟಪಟ್ಟಿದ್ದು ಕಸಕ್ಕೆ ಹೋಯಿತಲ್ಲ ಎಂದು.

ನಿಮ್ಮ ಸೊಸೆ


ಮಾರ್ಚ್ 20

ಸೊಸೆಗೆ ಆಶೀರ್ವಾದ.

ನಿನ್ನ ಪತ್ರ ಓದುತ್ತಿದ್ದೆ. ಕಂಬಿ ರದ್ದು ಎಂಬಲ್ಲಿಗೆ ಬಂದಾಗ ಪಕ್ಕದ ಕೋಣೆಯಿಂದ ನಗು ಕೇಳಿತು. ಅವನು ನಕ್ಕು ಎಷ್ಟು ದಿನವಾಗಿತ್ತೆಂದರೆ ಮೊದಲು ಯಾರಪ್ಪಾ ಎಂದು ಹೆದರಿದೆ. ಬಾಗಿಲಿಗೆ ಬಂದು ನಿಂತ. 'ಎಂಟು ವಾರ ನೇತಾಡಿದ್ಲಾ?' ಎಂದು ಕೇಳಿದ. ಹೌದಪ್ಪ ಎಂದೆ. ಇನ್ನೇನೋ ಹೇಳುತ್ತಾನೆ ಎಂದು ಕಾದೆ. ಮುಖ ಗಂಟು ಹಾಕಿಕೊಂಡು ವ್ಯಾನು ತೊಳೆಯಲು ಹೋದ.

ಮನಸ್ಸಿನಲ್ಲಿ ಇರುವುದನ್ನು ಕೇಳಿಬಿಡುತ್ತೇನೆ. ನಿನಗೆ ಆ ಗಾಡಿ ಓಡಿಸಲು ಕಲಿಸಿದವನು ಅವನು. ಹದಿನಾರು ವರ್ಷದ ನೌಕರಿ. ಎಳೆಯುವಾಗ ಸರಪಳಿ ತುಂಡಾಗಿ ಮೊಣಕಾಲಿಗೆ ಹೊಡೆದಿದ್ದು ಸೇನೆಯ ಕೆಲಸದಲ್ಲೇ. ಮೂರು ಕಿಲೋಮೀಟರಿನ ಓಟದಲ್ಲಿ ಮೂರನೇ ಸಲವೂ ತಪ್ಪಿದ ಮೇಲೆ ಮನೆಗೆ ಕಳಿಸಿದರು. 'ಹದಿನಾಲ್ಕು ಸೆಕೆಂಡು ಅಮ್ಮ' ಎಂದು ಒಂದೇ ಸಲ ಹೇಳಿದ, ಮತ್ತೆ ಬಾಯಿ ಬಿಡಲಿಲ್ಲ. ಆ ದಿನ ನೀನೂ ಮೈದಾನದಲ್ಲಿದ್ದೆಯಂತೆ. ಅಲ್ಲಿ ಏನಾಯಿತು? ನೀವಿಬ್ಬರೂ ನನ್ನನ್ನು ಮೂರ್ಖಳೆಂದು ತಿಳಿದಿದ್ದೀರಿ.

ಪುಟ್ಟಿ ಮಂಚ ಹಿಡಿದು ನಿಲ್ಲುತ್ತಾಳೆ.

ನಿನ್ನ ಅತ್ತೆ


ಏಪ್ರಿಲ್ 11

ಅತ್ತೆ,

ಕವರಿನ ಮೇಲೆ 'ಅತ್ತೆ ಒಬ್ಬರೇ ಓದಬೇಕು' ಎಂದು ಬರೆದಿದ್ದೇನೆ. ಇದನ್ನು ಗಟ್ಟಿಯಾಗಿ ಓದಬೇಡಿ.

ನಿನ್ನೆ ಇನ್ನೊಂದು ಸುತ್ತೋಲೆ ಬಂತು. ಏಳನೆಯ ಪುಟದಲ್ಲಿ ಒಂದು ಪ್ಯಾರಾ. ಕರ್ತವ್ಯದ ವೇಳೆ ಮೊಣಕಾಲಿಗೆ, ಸೊಂಟಕ್ಕೆ ಪೆಟ್ಟಾದವರು ಓಡಬೇಕಿಲ್ಲ. ಅದರ ಬದಲು ಸೈಕಲ್ ತುಳಿಯಬಹುದು, ಇಪ್ಪತ್ತೈದು ನಿಮಿಷದಲ್ಲಿ ಹನ್ನೆರಡು ಕಿಲೋಮೀಟರು.

ಅದನ್ನು ಎಷ್ಟು ಸಲ ಓದಿದೆನೋ. ಸೈಕಲ್ ಅವರಿಗೆ ನೀರು ಕುಡಿದಷ್ಟು ಸುಲಭ. ಒಂದು ವರ್ಷ ಎಂಟು ತಿಂಗಳ ಹಿಂದೆ ಈ ಪ್ಯಾರಾ ಇದ್ದಿದ್ದರೆ ಅವರು ಇವತ್ತು ಇಲ್ಲೇ ಇರುತ್ತಿದ್ದರು. ಕಚೇರಿಯ ಗುಮಾಸ್ತರ ಹತ್ತಿರ ಓಡಿದೆ. 'ಹಿಂದೆ ಹೋದವ್ರನ್ನ ವಾಪಸ್ ತಗೋತಾರಾ ಸಾರ್?' ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಇಂದಿನಿಂದ ಜಾರಿ. 'ಬೇಕಿದ್ರೆ ಅರ್ಜಿ ಹಾಕ್ಲಿ. ಆದ್ರೆ ನನ್ನ ಕೇಳಿದ್ರೆ, ಆಸೆ ಹುಟ್ಟಿಸ್ಬೇಡಿ' ಎಂದರು.

ಹೇಳಲೇ, ಬಿಡಲೇ? ನನಗೆ ತಿಳಿಯುತ್ತಿಲ್ಲ. ನೀವು ಅವರ ಮುಖ ನೋಡುತ್ತಿದ್ದೀರಿ, ನೀವೇ ತೀರ್ಮಾನಿಸಿ.

ನೀವು ಕೇಳಿದ್ದಕ್ಕೆ ಈಗ ಉತ್ತರ ಬರೆಯಲಾರೆ.

ನಿಮ್ಮ ಸೊಸೆ


ಏಪ್ರಿಲ್ 25

ಸೊಸೆಗೆ.

ನಿನ್ನ ಬುದ್ಧಿಗೆ ಏನು ಹೇಳಲಿ! ಬೀದಿ ತುದಿಯ ಅಂಚೆ ಕಚೇರಿಯಿಂದ ಕಾಗದ ತರುವವನು ಯಾರು? ಅವನೇ. 'ಒಬ್ಬರೇ ಓದಬೇಕು' ಎಂದು ಅಷ್ಟು ದಪ್ಪ ಅಕ್ಷರದಲ್ಲಿ ಬರೆದರೆ ಕುರುಡನೂ ಓದುತ್ತಾನೆ. ಕವರನ್ನು ನನ್ನ ಮುಂದಿಟ್ಟು, 'ಓದಮ್ಮ, ನಾನು ಆಚೆ ಇರ್ತೀನಿ' ಎಂದ. ಮೆಟ್ಟಿಲ ಮೇಲೆ ಬೆನ್ನು ಮಾಡಿ ಕುಳಿತ.

ಓದಿದೆ. ಮುಚ್ಚಿಡಬಹುದಿತ್ತು. ಆ ಬೆನ್ನು ನೋಡಿ ಆಗಲಿಲ್ಲ. ಹೋಗಿ ಕೈಗೆ ಕೊಟ್ಟೆ.

ಎರಡು ಸಲ ಓದಿದ. 'ಸೈಕಲ್ಲಂತೆ' ಎಂದ. ಆಮೇಲೆ ನನ್ನ ಮೇಲೆ ರೇಗಿದ, ಹಾಲು ಉಕ್ಕಿದ್ದಕ್ಕೆ. ಒಲೆ ಹಚ್ಚಿಯೇ ಇರಲಿಲ್ಲ.

ಮರುದಿನ ಅರ್ಜಿ ಬರೆದು ಹಾಕಿದ್ದಾನೆ. ಆಸೆ ಹುಟ್ಟಿಸಬೇಡಿ ಎಂದ ಆ ಗುಮಾಸ್ತರಿಗೆ ಹೇಳು, ಅದನ್ನು ಹುಟ್ಟಿಸಲು ಯಾರೂ ಬೇಕಾಗಿಲ್ಲ, ತಾನಾಗಿಯೇ ಹುಟ್ಟುತ್ತದೆ.

ನಿನ್ನ ಅತ್ತೆ


ಮೇ 2

ನನ್ನ ವಿಷಯವನ್ನು ನನ್ನ ತಾಯಿಗೆ ಬರೆಯುತ್ತೀಯ, ನನಗೆ ಬರೆಯುವುದಿಲ್ಲ. ನನ್ನ ಮುಖ ನೋಡಿ ತೀರ್ಮಾನಿಸಲು ಅಮ್ಮನಿಗೆ ಹೇಳುತ್ತೀಯ. ನಾನೇನು ಕೆಟ್ಟು ನಿಂತ ಲಾರಿಯೇ?

ಆ ದಿನ ನಾನು ಗೆರೆಗೆ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿರುವಾಗ ಮೇಷ್ಟ್ರು ಗಡಿಯಾರವನ್ನು, ಸಮಯ ಬರೆದುಕೊಳ್ಳುತ್ತಿದ್ದ ನಿನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ಬೂಟಿನ ದಾರ ಕಟ್ಟಲು ಕುಳಿತರು. ಅವರ ದಾರ ಬಿಚ್ಚಿರಲಿಲ್ಲ. ಅದು ನನಗೆ ಕಾಣಿಸಿತು. ನಿನಗೂ ಕಾಣಿಸಿತು. ಹದಿನೈದು ನಿಮಿಷದ ಒಳಗೆ ಎಂದು ನೀನು ಬರೆದಿದ್ದರೆ ಜಗತ್ತು ಮುಳುಗುತ್ತಿರಲಿಲ್ಲ. ಹದಿನೈದು ನಿಮಿಷ ಹದಿನಾಲ್ಕು ಸೆಕೆಂಡು ಎಂದು ದುಂಡಗೆ ಬರೆದೆ. ಕೆಳಗೆ ಗೆರೆಯನ್ನೂ ಎಳೆದೆ.

ಈಗ ಅವರೇ ಓಡಬೇಕಿಲ್ಲ ಎನ್ನುತ್ತಾರೆ. ನೀನು ಕಾಪಾಡಿದ ನಿಯಮ ಯಾವುದು?

ಪುಟ್ಟಿಯ ಅಪ್ಪ


ಮೇ 14

ನಿಮಗೆ,

ಇಪ್ಪತ್ತೊಂದು ತಿಂಗಳು ಈ ಪ್ರಶ್ನೆಗೇ ಕಾಯುತ್ತಿದ್ದೆ. ಎದುರಿಗಿದ್ದಾಗ ಕೇಳಲಿಲ್ಲ. ಕೇಳಿದ್ದರೆ ಆಗಲೇ ಹೇಳುತ್ತಿದ್ದೆ.

ಬೂಟಿನ ದಾರ ನನಗೂ ಕಾಣಿಸಿತು. ನಿಮಗೆ ತಿಳಿಯದೇ ಇದ್ದಿದ್ದು ಒಂದಿದೆ. ನಿಮಗಿಂತ ಐದು ಸೆಕೆಂಡು ಮುಂಚೆ ಗೆರೆ ಮುಟ್ಟಿದವನು ನಮ್ಮ ಅಡುಗೆಯವನು, ಆ ಗುಂಗುರು ಕೂದಲಿನವನು. ಅವನಿಗೂ ಅದೇ ಕೊನೆಯ ಅವಕಾಶ. ಒಂಬತ್ತು ಸೆಕೆಂಡು ತಡ. ಮೇಷ್ಟ್ರು ಗಟ್ಟಿಯಾಗಿ ಕೂಗಿದರು, ನಾನು ಬರೆದೆ. ಅವನು ನನ್ನ ಕಾಲಿನ ಹತ್ತಿರವೇ ಮಂಡಿಯೂರಿ ಕುಳಿತು ವಾಂತಿ ಮಾಡುತ್ತಿದ್ದ. ಆಮೇಲೆ ಗಡಿಯಾರ ನನ್ನ ಕೈಗೆ ಬಂತು. ನಿಮ್ಮ ಹೆಂಡತಿಯ ಕೈಯಲ್ಲಿ ಗಡಿಯಾರ ಇತ್ತು, ಅವನ ಹೆಂಡತಿಯ ಕೈಯಲ್ಲಿ ಇರಲಿಲ್ಲ. ಅವನ ಸಾಲಿನ ಕೆಳಗೇ ನಿಮಗೆ ಸುಳ್ಳು ಬರೆಯಲು ನನ್ನ ಕೈ ಏಳಲಿಲ್ಲ.

ನಾನು ಯಾವ ನಿಯಮವನ್ನೂ ಕಾಪಾಡಲಿಲ್ಲ. ಈ ನಿಯಮಗಳ ಮೇಲೆ ನಿಮಗಿಂತ ಹೆಚ್ಚು ಸಿಟ್ಟು ನನಗಿದೆ. ಕೆಳಗಿನ ಗೆರೆ ನಾನು ಎಳೆದಿದ್ದಲ್ಲ, ಪೆನ್ನು ಜಾರಿದ್ದು. ಆಗ ನನಗೆ ಎರಡು ತಿಂಗಳು, ನಿಮಗೆ ಗೊತ್ತಿರಲಿಲ್ಲ. ಅವತ್ತು ಸಂಜೆ ಹೇಳಬೇಕೆಂದಿದ್ದೆ.

ನಿಮ್ಮ ಹೆಂಡತಿ


ಜೂನ್ 19

ಸೊಸೆಗೆ ಆಶೀರ್ವಾದ.

ಅರ್ಜಿಗೆ ಉತ್ತರ ಬಂತು. ಎರಡು ಸಾಲು. ಹಿಂದಿನ ಪ್ರಕರಣಗಳಿಗೆ ಅನ್ವಯಿಸುವುದಿಲ್ಲವಂತೆ. ಹೆಸರಿನ ಕಾಗುಣಿತವೂ ತಪ್ಪು.

ನಿನಗೆ ಹೇಳಿರಲಿಲ್ಲ. ಅರ್ಜಿ ಹಾಕಿದ ದಿನದಿಂದ ಬೇಕರಿಯವರ ಸೈಕಲ್ಲು ಕೇಳಿ ತಂದು, ದಿನಾ ಮಧ್ಯಾಹ್ನ ಕಾಲುವೆ ರಸ್ತೆಯಲ್ಲಿ ತುಳಿಯುತ್ತಿದ್ದ. ಇಪ್ಪತ್ತಮೂರು ನಿಮಿಷಕ್ಕೆ ತಂದಿದ್ದ. ಉತ್ತರ ಬಂದ ದಿನವೂ ಹೋದ. ಬಂದು ಸೈಕಲ್ಲು ಒರೆಸಿ ವಾಪಸು ಕೊಟ್ಟ. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನೀನು ಅವನಿಗೆ ಬರೆದ ಪತ್ರದಲ್ಲಿ ಏನಿದೆಯೋ ಗೊತ್ತಿಲ್ಲ. ಅವನ ಅಂಗಿ ಜೇಬಿನಲ್ಲೇ ಇದೆ. ಒಗೆಯಲು ತೆಗೆದಾಗ ಮಡಿಕೆ ಸವೆದಿದ್ದು ಕಂಡೆ, ಬಿಚ್ಚಲಿಲ್ಲ. ನಿನ್ನೆ ಊಟಕ್ಕೆ ಕುಳಿತಾಗ, 'ಅಡುಗೆಯವನ ವಿಷಯ ನಂಗೆ ಗೊತ್ತಿರ್ಲಿಲ್ಲ ಅಮ್ಮ' ಎಂದ. ಯಾವ ಅಡುಗೆಯವನು ಎಂದೆ. ತಟ್ಟೆ ತೊಳೆಯಲು ಎದ್ದ.

ಪುಟ್ಟಿ ಈಗ ನಡೆಯುವುದಿಲ್ಲ, ಓಡುತ್ತಾಳೆ. ಅವಳ ಹಿಂದೆ ಓಡುವುದಕ್ಕೆ ನನಗೆ ಯಾರೂ ಅಂಕ ಕೊಡುವುದಿಲ್ಲ.

ನಿನ್ನ ಅತ್ತೆ


ಜುಲೈ 18

ಅತ್ತೆಗೂ ಅವರಿಗೂ,

ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ, ಗಟ್ಟಿಯಾಗಿಯೇ ಓದಿ.

ಪರೀಕ್ಷೆ ಮುಗಿಯಿತು. ಎಂಬತ್ತು ಕಿಲೋ ಮೂರು ಸಲ ಎತ್ತಿದೆ, ಮೈಗೆ ಅಂಟಿಸಿಕೊಂಡು, ತೊಡೆಯಿಂದ. ಹಲಗೆಯ ಹಾಗೆ ಎರಡು ನಿಮಿಷ ನಲವತ್ತು ಸೆಕೆಂಡು ಇದ್ದೆ. ಓಟದಲ್ಲಿ ನನ್ನ ಹಿಂದೆ ಹನ್ನೊಂದು ಗಂಡಸರಿದ್ದರು. ಇಡೀ ಘಟಕದಲ್ಲಿ ಆರನೆಯ ಸ್ಥಾನ. ಹೆರಿಗೆಯಾದ ಮೇಲೆ ಮೊದಲ ಸಲ ಈ ಮೈ ನನ್ನದು ಅನ್ನಿಸಿತು.

ಪಟ್ಟಿ ಓದಿದ ಮೇಲೆ ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಮಾನದಂಡಗಳು ಮತ್ತೆ ಪರಿಶೀಲನೆಯಲ್ಲಿವೆಯಂತೆ. ಆದ್ದರಿಂದ ಈ ಸಲದ ಅಂಕ ಪ್ರಾಯೋಗಿಕ ಮಾತ್ರ, ಯಾರ ದಾಖಲೆಗೂ ಸೇರುವುದಿಲ್ಲ.

ನನಗೆ ತಡೆಯಲಾಗಲಿಲ್ಲ. 'ಸಾರ್, ಎರಡು ವರ್ಷದ ಹಿಂದೆ ಹೀಗೆ ಪರಿಶೀಲನೆ ಮಾಡಿದ್ದಿದ್ರೆ ಕೆಲವರ ಮನೆ ಉಳೀತಿತ್ತು' ಎಂದೆ. ಮೈದಾನದಲ್ಲಿ ಎಲ್ಲರ ಮುಂದೆ. ಶಿಕ್ಷೆಯಾಗುತ್ತದೆ ಎಂದುಕೊಂಡೆ. ಅವರು ಪಟ್ಟಿ ಮಡಚಿ, 'ನಿಮ್ಮದು ರಜೆ ಬಾಕಿ ಇದೆಯಲ್ಲ, ಹೋಗಿ ಬನ್ನಿ' ಎಂದರು. ಅದು ಕರುಣೆಯೋ, ಬಾಯಿ ಮುಚ್ಚಿಸುವ ಉಪಾಯವೋ ತಿಳಿಯಲಿಲ್ಲ. ಆಗಸ್ಟ್ ಹತ್ತಕ್ಕೆ ಬರುತ್ತೇನೆ, ಹದಿನೈದು ದಿನ.

ನಿಮ್ಮವಳು


ಸೆಪ್ಟೆಂಬರ್ 3

ಸೊಸೆಗೆ ಆಶೀರ್ವಾದ.

ನೀನು ಹೋದ ಮೇಲೆ ಪುಟ್ಟಿ ಎರಡು ದಿನ ಎಲ್ಲ ಕೋಣೆಯಲ್ಲೂ ಹುಡುಕಿದಳು. ಈಗ ಪರವಾಗಿಲ್ಲ.

ಮೊದಲ ನಾಲ್ಕು ದಿನ ನೀವಿಬ್ಬರೂ ಆಡಿದ ಜಗಳ ಪಕ್ಕದ ಮನೆಯವರಿಗೂ ಕೇಳಿಸಿತು. ಆಕೆ ಬಂದು, 'ಏನಾದ್ರೂ ಹೇಳ್ಬಾರದೇನ್ರೀ?' ಎಂದಳು. 'ಸುಮ್ನಿರಿ, ಈ ಮನೇಲಿ ಎರಡು ವರ್ಷಕ್ಕೆ ಮಾತು ಹುಟ್ಟಿದೆ' ಎಂದೆ. ನಾನು ಮಗುವನ್ನೆತ್ತಿಕೊಂಡು ಉದ್ಯಾನದಲ್ಲಿ ಮೂರು ಮೂರು ಗಂಟೆ ಕುಳಿತಿದ್ದು ಗಾಳಿ ಸೇವನೆಗೆ ಅಲ್ಲ ಎಂದು ನಿಮಗೆ ತಿಳಿಯಿತೋ ಇಲ್ಲವೋ.

ಐದನೆಯ ದಿನ ಇಬ್ಬರೂ ವ್ಯಾನಿನ ಕೆಳಗೆ ಮಲಗಿ ಯಾವುದೋ ನಟ್ಟಿಗಾಗಿ ವಾದ ಮಾಡುತ್ತಿದ್ದಿರಿ. ನಾಲ್ಕು ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಅದನ್ನು ನೋಡಿ ನಾನು ಒಳಗೆ ಹೋಗಿ ನಿದ್ದೆ ಮಾಡಿದೆ, ಹಗಲಿನಲ್ಲಿ, ಎರಡು ಗಂಟೆ.

ಎಲ್ಲ ಸರಿಹೋಯಿತು ಎಂದು ಹೇಳುವುದಿಲ್ಲ. ಅವನು ಈಗಲೂ ಒಮ್ಮೊಮ್ಮೆ ಗೋಡೆ ನೋಡುತ್ತಾ ಕೂರುತ್ತಾನೆ. ಆದರೆ ಏನು ಎಂದು ಕೇಳಿದರೆ ಹೇಳುತ್ತಾನೆ.

ನಿನ್ನ ಅತ್ತೆ


ನವೆಂಬರ್ 12

ನಿಮಗೆ,

ಇದನ್ನು ಅತ್ತೆಗಿಂತ ಮೊದಲು ನಿಮಗೇ ಬರೆಯುತ್ತಿದ್ದೇನೆ.

ಇವತ್ತು ಹೊಸ ಸುತ್ತೋಲೆ ಬಂದಿದೆ. ಸೈಕಲ್ಲಿನ ಪ್ಯಾರಾವನ್ನು ತೆಗೆದುಹಾಕಿದ್ದಾರೆ. ಭಾರಿ ಕೆಲಸದವರೆಲ್ಲ ಓಡಲೇಬೇಕು, ಯಾವ ಪೆಟ್ಟಿನ ನೆಪವೂ ಇಲ್ಲ. ಆ ಪ್ಯಾರಾ ಬದುಕಿದ್ದು ಏಳು ತಿಂಗಳು. ಅದನ್ನು ನಂಬಿ ಸೊಂಟದ ಚಿಕಿತ್ಸೆ ಮಾಡಿಸಿಕೊಂಡ, ಕ್ರೇನು ಓಡಿಸುವ ಅಣ್ಣ ನೋಟಿಸ್ ಹಲಗೆಯ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಇಪ್ಪತ್ತೆರಡು ವರ್ಷದ ನೌಕರಿ. ನನ್ನನ್ನು ನೋಡಿ, 'ಎರಡನೇ ಸಾಲು ಸ್ವಲ್ಪ ಓದಮ್ಮ, ನಂಗೆ ಅಕ್ಷರ ಕಾಣ್ತಿಲ್ಲ' ಎಂದರು. ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಓದಿ ಹೇಳಿದೆ.

ನನಗೆ ಸಾಕಾಗಿದೆ. ಡಿಸೆಂಬರ್ ಒಂದರ ಒಳಗೆ ಇನ್ನು ಐದು ವರ್ಷಕ್ಕೆ ಸಹಿ ಹಾಕಬೇಕು, ಇಲ್ಲವೇ ಬಿಡಬೇಕು. ಕಾಗದ ಮೇಜಿನ ಮೇಲಿದೆ. ಗಾಡಿ ಹತ್ತಿದರೆ ಬಿಡಲು ಮನಸ್ಸಾಗುವುದಿಲ್ಲ, ನೋಟಿಸ್ ಹಲಗೆಯ ಮುಂದೆ ನಿಂತರೆ ಇರಲು ಮನಸ್ಸಾಗುವುದಿಲ್ಲ. ಮಗಳು ಅಲ್ಲಿದ್ದಾಳೆ. ನಿಮ್ಮನ್ನು ಹೊರಗೆ ಕಳಿಸಿದ ಜಾಗದಲ್ಲಿ ನಾನಿರುವುದು ನಿಮಗೆ ಚುಚ್ಚುತ್ತದೆ ಎಂದು ಆಗಸ್ಟಿನಲ್ಲಿ ನೀವೇ ಹೇಳಿದಿರಿ. ಈಗಲೂ ಹಾಗೇ ಇದ್ದರೆ ಹಾಗೆಂದೇ ಬರೆಯಿರಿ. ನನ್ನ ಮನಸ್ಸು ನೋಯುತ್ತದೆ ಎಂದು ಮುಚ್ಚಿಡಬೇಡಿ.

ನಿಮ್ಮವಳು


ನವೆಂಬರ್ 21

ನಿನ್ನ ಪತ್ರವನ್ನು ಬೇಕರಿಯ ಹಿಂಬದಿಯ ಕಟ್ಟೆಯ ಮೇಲೆ ಕುಳಿತು ಓದಿದೆ. ಏಳು ತಿಂಗಳು ಎಂಬಲ್ಲಿ ನಗು ಬಂತು, ಕ್ರೇನಿನ ಅಣ್ಣನ ಟೋಪಿಯ ಹತ್ತಿರ ನಿಂತಿತು. ನನಗೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದವರು ಅವರು. ಅವರ ವಿಳಾಸ ಕಳಿಸು. ನಮ್ಮ ಬೇಕರಿಗೆ ಇನ್ನೊಬ್ಬ ಡ್ರೈವರ್ ಬೇಕಾಗಿದ್ದಾರೆ, ಯಜಮಾನರ ಹತ್ತಿರ ಮಾತಾಡಿದ್ದೇನೆ. ಇಲ್ಲಿ ಯಾರೂ ಓಡಿಸಿ ನೋಡುವುದಿಲ್ಲ, ಬ್ರೆಡ್ಡು ಜಜ್ಜದೆ ತಲುಪಿದರೆ ಸಾಕು.

ಆ ಪ್ಯಾರಾ ನನ್ನ ಕಾಲಕ್ಕೆ ಇದ್ದಿದ್ದರೆ ಎಂದು ಏಪ್ರಿಲ್‌ನಿಂದ ದಿನಾ ಲೆಕ್ಕ ಹಾಕಿದೆ. ಇದ್ದಿದ್ದರೂ ಈಗ ಹೊರಗೆ ಬರುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಲಿ? ನಿನ್ನ ಮೇಲೆ ಮಾಡಿದ್ದು ನೀನು ಹತ್ತಿರ ಇದ್ದೆ ಎಂದು. ಬರೆದವರ ಮುಖ ನನಗೆ ಕಾಣಲಿಲ್ಲ, ನಿನ್ನ ಮುಖ ಕಂಡಿತು.

ಚುಚ್ಚುತ್ತದೆಯೇ ಎಂದು ಕೇಳಿದ್ದೀಯ. ಚುಚ್ಚುತ್ತದೆ. ಮುಚ್ಚಿಡುತ್ತಿಲ್ಲ. ಆದರೆ ನನಗೆ ಚುಚ್ಚುವುದಕ್ಕೆ ನೀನು ಗಾಡಿಯಿಂದ ಇಳಿಯಬೇಕಾಗಿಲ್ಲ. ಮಗಳನ್ನು ನಾನು ನೋಡಿಕೊಳ್ಳುತ್ತೇನೆ, ಅಮ್ಮ ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಾಳೆ.

ಸಹಿ ಹಾಕು. ಅವರು ಇನ್ನೂ ಎಷ್ಟು ಸಲ ಬದಲಾಯಿಸುತ್ತಾರೋ, ಒಳಗೆ ನಿಂತು 'ಸಾರ್, ಇದು ಸರಿಯಲ್ಲ' ಎನ್ನುವವರು ನಮ್ಮ ಮನೆಯಿಂದ ಒಬ್ಬರಾದರೂ ಇರಲಿ.

ನಿನ್ನವನು